ವಿಸ್ಕಿ ಜಾಗದಾಗ ರಮ್, ಸಕ್ಕರೆ ಜಾಗದಾಗ ಬೆಲ್ಲ

ಸೊಲ್ಲಾಪುರ ಬಿಟ್ಟು ಅಕ್ಕಲಕೋಟೆ ರಸ್ತೆ ಹಿಡಿದರೆ ಸಿಗುವ ಊರು ನಮ್ಮ ಕುಂಭಾರಿ. ಬೀಡಿ ಕಾರ್ಮಿಕ ಮಹಿಳೆಯರಿಗಾಗಿ ಕಟ್ಟಿದ ಹತ್ತು ಸಾವಿರ ಮನೆಗಳ ಗೋದೂತಾಯಿ ಪರುಳೇಕರ ವಸಾಹತಿನಿಂದ ಊರಿನ ಹೆಸರು ದಿಲ್ಲಿವರೆಗೂ ಹೋಯಿತು. ಕಚೇರಿಯ ಬೋರ್ಡು ಮರಾಠಿ, ಮನೆಯ ಮಾತು ಕನ್ನಡ. ಸುತ್ತಲ ಸೀಮೆಯಲ್ಲಿ ಬೆಳೆಯುವುದು ಜೋಳ, ನೀರಿದ್ದಲ್ಲಿ ಕಬ್ಬು.

ಸೊಲ್ಲಾಪುರದ ಗಡ್ಡಾ ಜಾತ್ರೆಗೆಂದು ಅಕ್ಕ ತವರಿಗೆ ಬಂದಿದ್ದಳು. ಜೊತೆಗೆ ಅವಳ ಮಗ. ಪುಣೆಯ ಹೋಟೆಲೊಂದರ ಬಾರಿನಲ್ಲಿ ಅವನ ಕೆಲಸ. ಜಾತ್ರೆ ಮುಗಿದ ಮರುದಿನ ಸಂಜೆ ಅಡುಗೆಮನೆ ಬಾಗಿಲಿಗೆ ಬಂದು ನಿಂತ.

"ಅವ್ವಾ, ಒಂದ್ ತುಣುಕು ಬೆಲ್ಲ ಕೊಡು. ಮಾಮಾಗ ಹೊಸಾದೊಂದು ಮಾಡಿ ತೋರಸ್ತೀನಿ."

ಕೈಯಲ್ಲಿದ್ದ ರಮ್ ಬಾಟಲಿ ನೋಡಿದ್ದೇ ಅಕ್ಕನ ಮುಖ ಬಿಗಿಯಿತು. "ಬೆಲ್ಲಾ, ದಾರೂ ಎರಡೂ ಒಂದ ಕಡೆ ತರಬ್ಯಾಡ. ನಿಮ್ಮ ದೊಡ್ಡ ಮಾಮಾ ಹೋಗಿದ್ದು ಅದರಿಂದನ" ಅಂದಳು.

ಅವಳ ಮಾತು ಸುಳ್ಳಲ್ಲ. ಕರಿ ಬೆಲ್ಲ, ನವಸಾಗರ ಕೊಳೆಹಾಕಿ ಇಳಿಸುವ ಹಾತಭಟ್ಟಿ ನಮ್ಮ ಅಣ್ಣನನ್ನು ನಲವತ್ತು ತುಂಬುವುದರೊಳಗೆ ಒಯ್ದಿತು. ನಮ್ಮೊಂದು ಮನೆಯ ಕಥೆಯಲ್ಲ ಇದು. 2021ರಲ್ಲಿ ಸೊಲ್ಲಾಪುರ ಗ್ರಾಮೀಣ ಪೊಲೀಸರು 'ಆಪರೇಷನ್ ಪರಿವರ್ತನ್' ಎಂದು ಹೆಸರಿಟ್ಟು, ಮುಳೇಗಾವ ತಾಂಡಾದಂಥ ಕಡೆ ಭಟ್ಟಿ ಒಡೆಯುವುದರ ಜೊತೆಗೆ ಆ ಕುಟುಂಬಗಳಿಗೆ ಬೇರೆ ದುಡಿಮೆಯ ದಾರಿ ತೋರಿಸಲು ಹೊರಟರು.

ಹುಡುಗ ಸುಮ್ಮನಾಗಲಿಲ್ಲ. ಅವನು ಮಾಡಬೇಕೆಂದಿದ್ದು 'ಓಲ್ಡ್ ಫ್ಯಾಷನ್ಡ್' ಎಂಬ ಹಳೆಯ ಅಮೆರಿಕನ್ ಪೇಯ. ಸೋಡಾ ಇಲ್ಲ, ಹಣ್ಣಿನ ರಸ ಇಲ್ಲ. ವಿಸ್ಕಿ, ಚೂರು ಸಕ್ಕರೆ, ನಾಲ್ಕು ಹನಿ ಕಹಿ ಅರಕು, ಮಂಜುಗಡ್ಡೆ, ಕಿತ್ತಳೆ ಸಿಪ್ಪೆ, ಇಷ್ಟೇ. ಅದರಲ್ಲಿ ವಿಸ್ಕಿ ತೆಗೆದು ರಮ್ ಹಾಕುವುದು ಅವನ ಲೆಕ್ಕ.

"ಹಂಗ ಬದಲ ಮಾಡಿದ್ರ ಅದರ ಹೆಸರರ ಉಳೀತದೇನೋ?" ಎಂದೆ.

ಉಳಿಯುತ್ತದೆ ಎನ್ನಲು ಆಧಾರವಿದೆ. 1806ರಲ್ಲಿ ನ್ಯೂಯಾರ್ಕ್ ಸೀಮೆಯ ಹಡ್ಸನ್ ಪಟ್ಟಣದ ಪತ್ರಿಕೆಯೊಂದು, ಕಾಕ್‌ಟೇಲ್ ಎಂದರೇನೆಂದು ಕೇಳಿದ ಓದುಗನಿಗೆ ಉತ್ತರ ಕೊಟ್ಟಿತ್ತು: ಯಾವುದೇ ಬಗೆಯ ಮದ್ಯ, ಸಕ್ಕರೆ, ನೀರು, ಕಹಿ ಅರಕು. ವಿಸ್ಕಿಯೇ ಆಗಬೇಕೆಂದು ಅಲ್ಲಿ ಹೇಳಿರಲಿಲ್ಲ. ಕಹಿ ಅರಕಿನಲ್ಲಿ ಹೆಸರಾದ ಅಂಗೋಸ್ತುರಾ ಕೂಡ ಮೊದಲಿಗೆ ಔಷಧ. ವೆನೆಜುವೆಲಾದಲ್ಲಿದ್ದ ಜರ್ಮನ್ ವೈದ್ಯ ಸೀಗರ್ಟ್ 1824ರಲ್ಲಿ ಹೊಟ್ಟೆನೋವಿಗೆಂದು ಮಾಡಿದ್ದು.

ಇನ್ನೊಂದು ಮಾತು ನಮಗೇ ಹತ್ತಿರದ್ದು. ವಿಸ್ಕಿ ಎಂದರೆ ಧಾನ್ಯದ್ದು, ರಮ್ ಎಂದರೆ ಕಬ್ಬಿನದು. ಆದರೆ ನಮ್ಮ ದೇಶದ ಅಗ್ಗದ ವಿಸ್ಕಿಗಳಲ್ಲಿ ಬಹಳಷ್ಟಕ್ಕೆ ಮೂಲ ಕಾಕಂಬಿಯ ಸ್ಪಿರಿಟ್ಟೇ. ಮರಾಠಿಯಲ್ಲಿ 'ಮಳಿ' ಎನ್ನುತ್ತಾರಲ್ಲ, ಅದೇ. ಟನ್ ಕಬ್ಬು ಅರೆದರೆ ಸಕ್ಕರೆ ಹೋಗಿ ಸುಮಾರು 40-45 ಕಿಲೋ ಕಾಕಂಬಿ ಉಳಿಯುತ್ತದೆ. ಅದರ ಸ್ಪಿರಿಟ್ಟಿಗೆ ವಿಸ್ಕಿ ಎಂದು ಚೀಟಿ ಅಂಟಿಸಿದರೆ ಯುರೋಪಿನ ಕಾನೂನು ಒಪ್ಪುವುದಿಲ್ಲ. ಅಂದಮೇಲೆ ವಿಸ್ಕಿ ಜಾಗದಲ್ಲಿ ರಮ್ ಹಾಕುವುದು ನಮಗೆ ಹೊಸತೇ? ಬಾಟಲಿ ಮೇಲಿನ ಹೆಸರೊಂದು ಖರೆ ಆಯಿತು, ಅಷ್ಟೇ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಬಾರ್ಲಿಯ ಸಿಂಗಲ್ ಮಾಲ್ಟನ್ನು 2004ರಲ್ಲಿ ಗ್ಲಾಸ್ಗೋಗೆ ಒಯ್ದು ಸೈ ಎನ್ನಿಸಿಕೊಂಡಿತು. ಅದೇ ಕಂಪನಿ ಈಚೆಗೆ ಬೆಲ್ಲದಿಂದ ರಮ್ ಮಾಡಿ 'ಬೆಲ್ಲ' ಎಂದು ಕನ್ನಡದ ಹೆಸರನ್ನೇ ಇಟ್ಟಿದೆ.

ಕೊನೆಗೆ ಅಕ್ಕ ಚೂರು ಬೆಲ್ಲ ಕೊಟ್ಟಳು. ಅಷ್ಟೇ ಬಿಸಿನೀರಿನಲ್ಲಿ ಕರಗಿಸಿ ಸೋಸಿದ. ಅಳತೆ ಲೋಟದಲ್ಲಿ 60 ಮಿಲಿಲೀಟರ್ ಕರಿ ರಮ್, ಬೆಲ್ಲದ ನೀರು ಅರ್ಧ ಚಮಚ ಮಾತ್ರ. "ವಿಸ್ಕಿಗಾದ್ರ ಒಂದ್ ಚಮಚ ಬೇಕು ಮಾಮಾ. ರಮ್ಮಿನಾಗ ಮೊದಲ ಸಿಹಿ ಇರತದ, ಹೆಚ್ಚಾದ್ರ ಪಾನಕ ಆಗತದ." ಕಹಿ ಅರಕಿನ ಹನಿ ಹಾಕಿ, ದೊಡ್ಡ ಮಂಜುಗಡ್ಡೆಯೊಂದಿಗೆ ಅರ್ಧ ನಿಮಿಷ ಮೆಲ್ಲಗೆ ತಿರುವಿದ. ಕುಲುಕಿದರೆ ನೀರು ಹೆಚ್ಚಾಗಿ ಕದಡುತ್ತದಂತೆ. ಕಿತ್ತಳೆ ಸಿಪ್ಪೆಯನ್ನು ಲೋಟದ ಮೇಲೆ ಹಿಂಡಿ ಒಳಗೆ ಬಿಟ್ಟ.

ಮೊದಲ ಗುಟುಕಿಗೆ ಗಾಣದ ಮನೆ ನೆನಪಾಯಿತು. ಆಲೆಮನೆಯ ಕೊಪ್ಪರಿಗೆ, ಹೊಗೆ, ಆಮೇಲೆ ತುಸು ಕಹಿ. ಚೆನ್ನಾಗಿತ್ತು, ಇಲ್ಲ ಅನ್ನಲಾರೆ.

ಆದರೆ ಅಕ್ಕನ ಮಾತೂ ತಪ್ಪಲ್ಲ. ನಮ್ಮಲ್ಲಿ ಮಾರುವ ರಮ್ಮಿನಲ್ಲಿ ನೂರಕ್ಕೆ 42.8ರಷ್ಟು ಮದ್ಯಸಾರ, ಆ ಒಂದು ಲೋಟದಲ್ಲೇ ಸುಮಾರು 20 ಗ್ರಾಂ. ಕಿತ್ತಳೆ ಸಿಪ್ಪೆ ಇದೆಯೋ, ಪ್ಲಾಸ್ಟಿಕ್ ಚೀಲದಲ್ಲಿ ಬಂತೋ ಎಂದು ಯಕೃತ್ತು ಕೇಳುವುದಿಲ್ಲ. ಮಹಾರಾಷ್ಟ್ರದಲ್ಲಿ ಕುಡಿಯಲು ಪರವಾನಗಿ ಬೇಕು, ಇಪ್ಪತ್ತೈದು ವರ್ಷ ತುಂಬಿರಬೇಕು ಎಂಬುದನ್ನೂ ಗಡಿಯಾಚೆಯಿಂದ ಬರುವ ನಮ್ಮ ಬೀಗರು ಮರೆಯಬಾರದು.

ಅಣ್ಣನಿಗೆ ಯಾರೂ ಅಳತೆ ಲೋಟ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಉಳಿಯುತ್ತಿದ್ದನೋ, ಹೇಳಲಾರೆ.

"ಹೆಂಗದ ಮಾಮಾ?" ಅಂದ ಹುಡುಗ.

"ಛಲೋ ಅದಪಾ" ಅಂದೆ.

ಅಕ್ಕ ಬೆಲ್ಲದ ಡಬ್ಬಿಯ ಮುಚ್ಚಳ ಬಿಗಿದು ಮೇಲಿನ ಗೂಡಿನಲ್ಲಿಟ್ಟಳು. ಇನ್ನೊಂದು ಲೋಟ ಯಾರೂ ಕೇಳಲಿಲ್ಲ.