ಸಿಮೆಂಟ್ ಸೀಮೆಯ ಪೈಪೋಟಿ: ತಪ್ಪು ಕಲ್ಪನೆ ಮತ್ತು ವಾಸ್ತವ

ಕಲ್ಪನೆ: ಸುಣ್ಣದಕಲ್ಲು ನಮ್ಮ ನೆಲದ್ದು, ಫ್ಯಾಕ್ಟರಿಯೂ ನಮ್ಮೂರದ್ದು. ಹಾಗಾಗಿ ಸೇಡಂನಲ್ಲಿ ಸಿಮೆಂಟ್ ಅಗ್ಗವಾಗಿ ಸಿಗಲೇಬೇಕು.

ವಾಸ್ತವ: ಸಾಗಣೆಯ ಖರ್ಚು ಉಳಿಯುವುದು ನಿಜ. ಆದರೆ ಉಳಿದ ಹಣ ಮನೆ ಕಟ್ಟುವವರಿಗೆ ತಾನಾಗಿ ಬರುವುದಿಲ್ಲ. ಪಕ್ಕದ ಕಂಪನಿ ಹತ್ತು ರೂಪಾಯಿ ಇಳಿಸಿ ಗಿರಾಕಿಯನ್ನು ಸೆಳೆದೀತೆಂಬ ಭಯ ಇದ್ದರೆ ಮಾತ್ರ ಬೆಲೆ ಇಳಿಯುತ್ತದೆ. 1989ರಲ್ಲಿ ಸರ್ಕಾರದ ಬೆಲೆ ನಿಯಂತ್ರಣ ಪೂರ್ತಿ ಹೋದ ಮೇಲೆ ನಮಗಿರುವ ಕಾವಲು ಆ ಭಯವೊಂದೇ.

ಕಲ್ಪನೆ: ಇಷ್ಟೊಂದು ಫ್ಯಾಕ್ಟರಿಗಳಿವೆ, ಪೈಪೋಟಿಗೇನು ಕೊರತೆ?

ವಾಸ್ತವ: ಎಣಿಸಬೇಕಾದದ್ದು ಚಿಮಣಿಗಳನ್ನಲ್ಲ, ಮಾಲೀಕರನ್ನು. ವಾಡಿಯ ಎಸಿಸಿ 2022ರಲ್ಲಿ ಅದಾನಿ ಸಮೂಹಕ್ಕೆ ಸೇರಿತು. ಚಿತ್ತಾಪುರ ತಾಲ್ಲೂಕಿನ ಇಟಗಾದ ಓರಿಯಂಟ್ ಕೂಡ 2025ರಲ್ಲಿ ಅದೇ ಸಮೂಹದ ಪಾಲಾಯಿತು. ಮಳಖೇಡದ ರಾಜಶ್ರೀ ಮೊದಲೇ ಅಲ್ಟ್ರಾಟೆಕ್‌ನದು. ಸೇಡಂನ ವಾಸವದತ್ತಾ 2025ರ ಮಾರ್ಚ್‌ನಲ್ಲಿ ಅದರೊಳಗೆ ಸೇರಿತು. ಹೀಗೆ ನಾಲ್ಕು ಫ್ಯಾಕ್ಟರಿಗಳಿಗೆ ಈಗ ಇಬ್ಬರೇ ಒಡೆಯರು. ಕೋಡ್ಲಾದ ಶ್ರೀ ಸಿಮೆಂಟ್, ಚಿಂಚೋಳಿ ಕಡೆಯ ಚೆಟ್ಟಿನಾಡ್ ಮತ್ತು ಕಲಬುರ್ಗಿ ಸಿಮೆಂಟ್ ಬೇರೆಯಾಗಿ ಉಳಿದಿವೆ, ಅದೇ ಸಮಾಧಾನ.

ಮಾಲೀಕರು ಬೇರೆ ಬೇರೆ ಇದ್ದರೂ ಸಾಲದು. 2012ರಲ್ಲಿ ಸ್ಪರ್ಧಾ ಆಯೋಗ ಬೆಲೆ ಕೂಟದ ಆರೋಪದ ಮೇಲೆ ಎಸಿಸಿ, ಅಲ್ಟ್ರಾಟೆಕ್ ಸೇರಿ ಹನ್ನೊಂದು ಕಂಪನಿಗಳಿಗೆ 6,300 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಆ ಆದೇಶ ರದ್ದಾಯಿತು, 2016ರಲ್ಲಿ ಮತ್ತೆ ದಂಡ ಬಿತ್ತು, 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು, ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ಇಷ್ಟು ವರ್ಷಗಳ ಕಾಲ ಚೀಲಕ್ಕೆ ಹಣ ಕೊಡುತ್ತ ಬಂದವರು ನಾವು.

ಕಲ್ಪನೆ: ಫ್ಯಾಕ್ಟರಿ ಬಂದರೆ ಕೂಲಿ ಏರುತ್ತದೆ.

ವಾಸ್ತವ: ಕೆಲಸಗಾರನಿಗಾಗಿ ಇಬ್ಬರು ಮಾಲೀಕರು ಪೈಪೋಟಿಗಿಳಿದರೆ ಏರುತ್ತದೆ. ಇಲ್ಲಿ ಲೋಡಿಂಗ್, ಪ್ಯಾಕಿಂಗ್‌ನಂಥ ಕೆಲಸವೆಲ್ಲ ಹೆಚ್ಚಾಗಿ ಗುತ್ತಿಗೆದಾರರ ಕೈಯಲ್ಲಿದೆ. ಗುತ್ತಿಗೆ ಹಿಡಿಯಲು ಅವರು ದರ ಇಳಿಸುತ್ತಾರೆ, ಹೊಡೆತ ಬೀಳುವುದು ಕೂಲಿಯ ಮೇಲೆ. ಒಂದು ಕಡೆ ಸಂಬಳ ಸಾಲದೆಂದು ಬಿಟ್ಟವನು ಇನ್ನೊಂದು ಗೇಟಿಗೆ ಹೋದರೂ ಒಡೆಯ ಅವನೇ ಆಗಿದ್ದರೆ ಚೌಕಾಸಿ ಎಲ್ಲಿಂದ? ಹೈದರಾಬಾದ್, ಪುಣೆ, ಮುಂಬೈಗೆ ನಮ್ಮ ಜನ ಗುಳೆ ಹೋಗುವುದು ಹೊಟ್ಟೆಪಾಡಿಗೆ ನಿಜ, ಆದರೆ ಊರಿನ ಕೂಲಿಗೆ ಒಂದಿಷ್ಟು ಬಲ ಕೊಡುವುದೂ ಆ ದಾರಿಯೇ.

ಕಲ್ಪನೆ: ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಇದೆಯಲ್ಲ, ಫ್ಯಾಕ್ಟರಿ ಕೆಲಸ ನಮಗೇ ಮೀಸಲು.

ವಾಸ್ತವ: ಇಲ್ಲ. ಅದರ ಮೀಸಲಾತಿ ಸರ್ಕಾರಿ ಹುದ್ದೆ ಮತ್ತು ಶಿಕ್ಷಣ ಸಂಸ್ಥೆಗಳ ಸೀಟಿಗೆ. ಖಾಸಗಿ ಫ್ಯಾಕ್ಟರಿಯ ಗೇಟಿನಲ್ಲಿ ನಡೆಯುವುದಿಲ್ಲ.

ಕಲ್ಪನೆ: ಪೈಪೋಟಿ ಇದ್ದರೆ ಎಲ್ಲರಿಗೂ ಲಾಭ.

ವಾಸ್ತವ: ಶಹಾಬಾದ್ ಕಲ್ಲನ್ನು ನೋಡಿ. ಗುಜರಾತಿನ ಮೊರ್ಬಿಯ ಟೈಲ್ಸ್ ಬಂದ ಮೇಲೆ ಮನೆ ಕಟ್ಟುವವರಿಗೆ ಆಯ್ಕೆ ಹೆಚ್ಚಿತು, ನೆಲಹಾಸಿಗೆ ನಮ್ಮ ಕಲ್ಲನ್ನು ಕೇಳುವವರು ಕಡಿಮೆಯಾದರು. ಕಲ್ಲು ಸೀಳುವುದರಲ್ಲೇ ವಯಸ್ಸು ಕಳೆದವನು ನಾಳೆ ಬೇರೆ ಕಸಬು ಹಿಡಿಯಲಾರ. ಶಹಾಬಾದ್ ಊರಿನ ಹಳೆಯ ಸಿಮೆಂಟ್ ಫ್ಯಾಕ್ಟರಿ ಮುಚ್ಚಿದಾಗಲೂ ಕಷ್ಟ ಬಂದದ್ದು ಕೆಲಸಗಾರರಿಗಷ್ಟೇ ಅಲ್ಲ, ಅವರ ಸಂಬಳವನ್ನೇ ನಂಬಿದ್ದ ಅಂಗಡಿಗಳಿಗೂ, ಬಾಡಿಗೆ ಮನೆಗಳಿಗೂ ಬಂತು.