ಮಲಪ್ರಭೆಯ ದಂಡೆಯಲ್ಲಿ ಇಂಗ್ಲೀಷು ಪದಗಳು

ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ, ಎರಡು ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ, ಮಲಪ್ರಭೆಯನ್ನು ತಡೆದು ನಿಲ್ಲಿಸಿದ್ದಾರೆ. ಹಿಂದೆ ಹರಡಿದ ರೇಣುಕಾ ಸಾಗರವು 37 ಟಿ.ಎಂ.ಸಿ.ಗೂ ಮಿಕ್ಕಿ ನೀರು ಹಿಡಿಯಬಲ್ಲದು. ಕಳೆದ ಮಳೆಗಾಲದಲ್ಲಿ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ ಒಬ್ಬನ ಕೈಯಲ್ಲಿ ಸ್ಪರ್ಧಾಪರೀಕ್ಷೆಯ ಪದಪಟ್ಟಿಯಿತ್ತು. ಕನ್ನಡ ಮಾಧ್ಯಮದ ಹುಡುಗ. ದಿನಕ್ಕೆ ಐವತ್ತು ಪದ ಕಂಠಪಾಠ ಮಾಡುವನು. ವಾರದೊಳಗೆ ನಲವತ್ತನ್ನು ಮರೆಯುವನು. ದೊಡ್ಡ ಇಂಗ್ಲೀಷು ಪದಗಳೆಲ್ಲ ಪಟ್ಟಣಿಗರ ಸೊತ್ತೆಂದೇ ಅವನ ನಂಬಿಕೆ.

ಪಟ್ಟಿಯಲ್ಲಿ ‘ರೈವಲ್’ ಇತ್ತು. ಎದುರಿಗೆ ‘ಪ್ರತಿಸ್ಪರ್ಧಿ’ ಎಂದು ಬರೆದಿತ್ತು. ಅದರ ಮೂಲ ಲ್ಯಾಟಿನ್ನಿನ ‘ರೀವಸ್’, ಎಂದರೆ ತೊರೆ. ಒಂದೇ ತೊರೆಯ ನೀರನ್ನು ಬಳಸುವ ನೆರೆಹೊರೆಯವರೇ ರೈವಲ್‌ಗಳು. ಇಷ್ಟು ಹೇಳುವಷ್ಟರಲ್ಲಿ ಹುಡುಗ ನಕ್ಕನು: “ಹಂಗಾದ್ರ ಸರ್, ನಮ್ಮ ಕಾಲುವಿ ಮ್ಯಾಲಿನ ಹೊಲದವ್ರೆಲ್ಲಾ ನಮಗ ರೈವಲ್ಲೇ ಅಲ್ರೀ?” ಆ ಪದವನ್ನು ಅವನಿನ್ನು ಮರೆಯಲಾರ.

‘ಡಿರೈವ್’ ಕೂಡ ಅದೇ ತೊರೆಯದು: ಕಾಲುವೆ ತೋಡಿ ನೀರು ತೆಗೆಯುವುದು ಅದರ ಮೊದಲ ಅರ್ಥ. ಆದರೆ ‘ರಿವರ್’ ಆ ಮನೆತನದ್ದಲ್ಲ! ಅದು ‘ರೀಪಾ’, ಅಂದರೆ ದಂಡೆಯಿಂದ ಬಂದುದು. ದಂಡೆ ಮುಟ್ಟುವುದೇ ‘ಅರೈವ್’. ‘ಉಂಡಾ’ ಎಂದರೆ ಅಲೆ. ತುಂಬಿ ಹೊರಚೆಲ್ಲುವಷ್ಟಿದ್ದರೆ ‘ಅಬಂಡಂಟ್’. ಬೇಕಾದುದನ್ನು ಮೀರಿ ಉಕ್ಕಿದರೆ ‘ರಿಡಂಡಂಟ್’.

ಈ ಕ್ರಮ ಕನ್ನಡ ಓದಿದವರಿಗೆ ಹೊಸತೇನಲ್ಲ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ: ಧಾತು ಒಂದೇ, ಉಪಸರ್ಗ ಬದಲಾದಂತೆ ಅರ್ಥವೂ ಬದಲು. ನಡೆಸು ಎಂಬರ್ಥದ ಲ್ಯಾಟಿನ್ ಧಾತುವೊಂದರಿಂದ ಪ್ರೊಡ್ಯೂಸ್, ರಿಡ್ಯೂಸ್, ಇಂಟ್ರೊಡ್ಯೂಸ್ ಹುಟ್ಟಿದ್ದೂ ಹೀಗೆಯೇ. ಕಾಲುವೆಯ ಇಂಜಿನಿಯರು ಹೇಳುವ ‘ಅಕ್ವಡಕ್ಟ್’ ನೀರನ್ನು ನಡೆಸಿಕೊಂಡು ಹೋಗುವ ಮೇಲ್ಗಾಲುವೆ. ಉಪಸರ್ಗಗಳನ್ನು ಬಲ್ಲ ನಮ್ಮ ಹುಡುಗರು ಇಂಗ್ಲೀಷಿನೆದುರು ಬರಿಗೈಯವರೆಂದು ಏಕೆ ಕುಗ್ಗುವರೋ!

ಬೇರು ತಿಳಿದ ಮಾತ್ರಕ್ಕೆ ಪದ ವಶವಾಗದೆಂಬುದೂ ನಿಜ. ಇಂಗ್ಲೆಂಡಿನಲ್ಲಿ ಹುದ್ದೆ ಕಡಿತಗೊಂಡು ಕೆಲಸ ಕಳೆದುಕೊಂಡ ನೌಕರನನ್ನೂ ‘ರಿಡಂಡಂಟ್’ ಎನ್ನುವರು. ಅದನ್ನು ಅಲೆ ಹೇಳಿಕೊಡದು, ಪತ್ರಿಕೆಯನ್ನೇ ಓದಬೇಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲೀಷು ಕೋಶದಲ್ಲಿ ಕಿಟ್ಟೆಲರು ಬರಿಯ ಅರ್ಥ ಕೊಟ್ಟು ಸುಮ್ಮನಾಗಲಿಲ್ಲ; ಪದಪ್ರಯೋಗಗಳನ್ನೂ ಗಾದೆಗಳನ್ನೂ ಸೇರಿಸಿದರು. ಪರಭಾಷೆಯೊಂದನ್ನು ಕಲಿತ ಆ ಜರ್ಮನರಿಗೆ ಬಿಡಿ ಪದದ ಬೆಲೆ ಎಷ್ಟೆಂಬುದು ಗೊತ್ತಿತ್ತು.

ಮರಳುವಾಗ ಬಸ್ಸಿನಲ್ಲಿ ಹುಡುಗ ‘ಫ್ಲೂಯೆಂಟ್’ ಎಂಬುದರ ಮೇಲೆ ಬೆರಳಿಟ್ಟು ಕೇಳಿದನು: “ಇದರಾಗೂ ನೀರು ಐತೇನ್ರಿ ಸರ್?”

ಇತ್ತು, ಹರಿಯುವ ನೀರೇ ಇತ್ತು.