ನಮ್ಮ ಮನೆಗೆ ಸೌಂಡ್‌ಬಾರ್ ಬಂದ ಕಥೆ

ಕಳೆದ ದೀಪಾವಳಿಗೆ ಪುಣೆಯಿಂದ ಬಂದ ಮಗ ಉದ್ದನೆಯ ಡಬ್ಬವೊಂದನ್ನು ಹೆಗಲ ಮೇಲೆ ಹೊತ್ತು ತಂದ. "ಇದೇನೋ, ಪರದೆ ಹಾಕುವ ಕೋಲೇನು?" ಎಂದು ಕೇಳಿದೆ. "ಸೌಂಡ್‌ಬಾರ್ ಅಮ್ಮಾ. ಇನ್ನು ಮೇಲೆ ನೀನು ಮೊಬೈಲಿನ ಕೀರಲು ದನಿಯಲ್ಲಿ ಭೀಮಸೇನ ಜೋಶಿಯವರನ್ನು ಕೇಳಬೇಕಾಗಿಲ್ಲ" ಎಂದ.

ಯುವ ಮಿತ್ರರೇ, ನಿಮ್ಮಲ್ಲಿ ಹಲವರ ಮನೆಗಳಲ್ಲಿ ಈ ವಸ್ತು ಈಗಾಗಲೇ ಟಿ.ವಿ.ಯ ಕೆಳಗೆ ಮಲಗಿರಬಹುದು. ನಾನು ಓದಿದ್ದು ಇಂಗ್ಲಿಷ್ ಸಾಹಿತ್ಯದ ಬಿ.ಎ.; ಫ್ಯೂಸ್ ಹೋದರೆ ಯಜಮಾನರನ್ನು ಕೂಗಿ ಕರೆಯುವವಳು. ಆದರೂ ಈ ಒಂದು ವರ್ಷದಲ್ಲಿ ಅದರೊಡನೆ ಗುದ್ದಾಡಿ ಕಲಿತದ್ದನ್ನೂ, ಅದು ನನಗೆ ಕೊಟ್ಟ ಒಂದು ಅನಿರೀಕ್ಷಿತ ಉಡುಗೊರೆಯನ್ನೂ ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿತು.

ಇಡೀ ಮನೆಗೆ ಒಂದೇ ದನಿ

ನಾನು ಬೆಳೆದದ್ದು ಧಾರವಾಡದಲ್ಲಿ. 1950ರಲ್ಲಿ ಶುರುವಾದ ಆಕಾಶವಾಣಿ ಕೇಂದ್ರ ನಮಗೆ ಗಡಿಯಾರವೂ ಆಗಿತ್ತು, ಸಂಗೀತದ ಮೇಷ್ಟರೂ ಆಗಿತ್ತು. ಗೋಡೆಯ ಗೂಡಿನಲ್ಲಿ ಕೂತ ಒಂದೇ ರೇಡಿಯೋ. ಅಪ್ಪನಿಗೆ ವಾರ್ತೆ, ಅಮ್ಮನಿಗೆ ದಾಸರ ಪದ, ನಮಗೆ ಚಿತ್ರಗೀತೆ. ಬೇಕಾದದ್ದಕ್ಕೂ ಬೇಡವಾದದ್ದಕ್ಕೂ ಎಲ್ಲರ ಕಿವಿಯೂ ತೆರೆದಿರುತ್ತಿತ್ತು. ಮಲ್ಲಿಕಾರ್ಜುನ ಮನ್ಸೂರರ ದನಿಯನ್ನು ನಾನು ಕುಳಿತು ಕಲಿತವಳಲ್ಲ. ಅವರೆಕಾಳು ಸುಲಿಯುತ್ತಾ ಕಲಿತವಳು.

1992ರಲ್ಲಿ ಮದುವೆಯಾಗಿ ಮಾಟುಂಗಕ್ಕೆ ಬಂದೆ. ಆಗ ಷಣ್ಮುಖಾನಂದ ಸಭಾಗೃಹದ ಬಾಗಿಲು ಮುಚ್ಚಿತ್ತು. 1963ರಲ್ಲಿ ತೆರೆದಿದ್ದ ಆ ದೊಡ್ಡ ಸಭಾಂಗಣ 1990ರ ಬೆಂಕಿಗೆ ತುತ್ತಾಗಿ, ಮತ್ತೆ ತೆರೆದದ್ದು 1998ರಲ್ಲಿ. ಆ ವರ್ಷಗಳಲ್ಲಿ ನನ್ನ ಸಂಗೀತದ ಹಸಿವನ್ನು ತಣಿಸಿದ್ದು ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಗಳು ಮತ್ತು ನಮ್ಮ ಅಡುಗೆಮನೆಯ ಟೂ-ಇನ್-ಒನ್. ರೇಡಿಯೋ ಮತ್ತು ಕ್ಯಾಸೆಟ್ ಎರಡೂ ಇದ್ದ ಆ ಪೆಟ್ಟಿಗೆಯ ಮೇಲೆ ಒಗ್ಗರಣೆಯ ಎಣ್ಣೆ ಕೂತು ಅದರ ಬಣ್ಣವೇ ಬದಲಾಗಿತ್ತು. ನನ್ನ ಮಕ್ಕಳಿಬ್ಬರಿಗೂ ಕನ್ನಡ ಬಂದದ್ದು ಶಾಲೆಯಿಂದಲ್ಲ, ಆ ಪೆಟ್ಟಿಗೆಯಿಂದ.

ಮಕ್ಕಳು ದೊಡ್ಡವರಾದರು. ಅವರ ಕಿವಿಗೆ ಇಯರ್‌ಫೋನ್ ಬಂತು. ಒಂದೇ ಸೋಫಾದ ಮೇಲೆ ನಾಲ್ವರು ಕೂತು ನಾಲ್ಕು ಹಾಡು ಕೇಳುವ ಕಾಲ. ನಾನು ದೂರುತ್ತಿಲ್ಲ, ಲೋಕಲ್ ಟ್ರೈನಿನ ಗದ್ದಲದಲ್ಲಿ ಅದು ವರವೇ. ಆದರೆ ಮನೆಯ ಹಾಡು ಎಂಬುದೊಂದು ಇಲ್ಲವಾಗಿತ್ತು.

"ಧಮ್ ಧಮ್ ಅನ್ನೂದಷ್ಟ ಕೇಳಸ್ತದ"

ಸೌಂಡ್‌ಬಾರ್ ಜೋಡಿಸಿದ ಸಂಜೆ ಮಗ ಒಂದು ಇಂಗ್ಲಿಷ್ ಸಿನಿಮಾ ಹಾಕಿದ. ಕಿಟಕಿಯ ಗಾಜು ನಡುಗಿತು. ಆಮೇಲೆ ಭೀಮಸೇನರ ದಾಸವಾಣಿ ಹಾಕಿದ. ತಬಲಾದ ಡಗ್ಗಾ ಗುಡುಗಿನಂತೆ ಉರುಳಿತು. ಬುವಾ ಎಲ್ಲೋ ಬಾವಿಯೊಳಗೆ ನಿಂತು ಹಾಡಿದಂತಿತ್ತು. ನಮ್ಮ ಅತ್ತೆಯವರಿಗೆ ಎಂಬತ್ತಾರು ವರ್ಷ, ಕಿವಿ ಮಂದ. "ಸಪ್ಪಳ ಭಾಳ ಆತು, ಮಾತು ಕೇಳವಲ್ದು. ಧಮ್ ಧಮ್ ಅನ್ನೂದಷ್ಟ ಕೇಳಸ್ತದ" ಎಂದು ಒಳಗೆ ಹೋಗಿಬಿಟ್ಟರು. ಮರುದಿನ ಕೆಳಗಿನ ಮನೆಯವರೂ ಲಿಫ್ಟಿನಲ್ಲಿ ನಗುತ್ತಲೇ ಅದನ್ನೇ ಹೇಳಿದರು.

ಅತ್ತೆಯವರ ಮಾತಿನಲ್ಲಿ ಎಷ್ಟು ವಿಜ್ಞಾನವಿದೆ ಎಂದು ಆಮೇಲೆ ತಿಳಿಯಿತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಕಂಪನಗಳನ್ನು. ನಮ್ಮ ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿರುತ್ತದೆ. ಸ, ಶ, ಕ, ತ ಮುಂತಾದ ವ್ಯಂಜನಗಳ ಗುರುತು ಮೇಲಿನ ಕಂಪನಗಳಲ್ಲಿ. ಆದ್ದರಿಂದ ಸುಮ್ಮನೆ ವಾಲ್ಯೂಮ್ ಏರಿಸಿದರೆ ಮುದುಕರಿಗೆ ಗದ್ದಲ ಹೆಚ್ಚುತ್ತದೆಯೇ ಹೊರತು ಶಬ್ದಗಳು ಬಿಡಿಬಿಡಿಯಾಗಿ ಕೇಳುವುದಿಲ್ಲ. ಅದರ ಮೇಲೆ ತಗ್ಗಿನ ನಾದ ಜೋರಾದರೆ ಉಳಿದ ಮಾತನ್ನೂ ಮುಚ್ಚಿಹಾಕುತ್ತದೆ.

ಇನ್ನು ಆ ಪೆಟ್ಟಿಗೆಯ ಸ್ವಭಾವ. ಸೌಂಡ್‌ಬಾರ್ ಎಂದರೆ ಒಂದೇ ಉದ್ದ ಡಬ್ಬದಲ್ಲಿ ಸಾಲಾಗಿ ಕೂರಿಸಿದ ಹಲವು ಪುಟ್ಟ ಸ್ಪೀಕರುಗಳು. ಪುಟ್ಟ ಸ್ಪೀಕರಿನಿಂದ ಆಳದ ನಾದ ಹೊರಡದು. ಅದಕ್ಕಾಗಿ ಸಬ್‌ವೂಫರ್ ಎಂಬ ಬೇರೊಂದು ಪೆಟ್ಟಿಗೆ. ಡಬ್ಬದ ಮೇಲೆ 2.1 ಎಂದಿದ್ದರೆ ಎಡ ಬಲ ಎರಡು ಚಾನಲ್, ಜೊತೆಗೆ ಒಂದು ಸಬ್‌ವೂಫರ್ ಎಂದರ್ಥ, 5.1 ಎಂದರೆ ಐದು ಮತ್ತು ಒಂದು. ಇದು ಮುಖ್ಯವಾಗಿ ಹುಟ್ಟಿದ್ದು ತೆಳ್ಳಗಾದ ಟಿ.ವಿ.ಗಳ ಬಡಕಲು ದನಿಯನ್ನು ಸರಿಪಡಿಸಲು. ಸಂಗೀತ ಅದಕ್ಕೆ ಎರಡನೆಯ ಕೆಲಸ.

ಹೊಂದಿಸಿಕೊಂಡ ಬಗೆ

ಮಗ ಪುಣೆಗೆ ಹಿಂದಿರುಗಿದ ಮೇಲೆ ನಾನೂ ಮಗಳೂ ರಿಮೋಟ್ ಹಿಡಿದು ಕೂತೆವು. ನಿಮಗೆ ಉಪಯೋಗವಾಗಬಹುದಾದ ಕೆಲವನ್ನು ಹೇಳುತ್ತೇನೆ.

ಮೊದಲನೆಯದು, ಜಾಗ. ನಾನು ಅಂದಕ್ಕೆಂದು ಅದನ್ನು ಶೋಕೇಸಿನ ಒಳಗೆ ತಳ್ಳಿದ್ದೆ. ತಪ್ಪು. ಮರದ ಗೂಡಿನೊಳಗೆ ದನಿ ಮುಗ್ಗರಿಸುತ್ತದೆ. ಹೊರ ಅಂಚಿಗೆ, ಕೂತವರ ಕಿವಿಯ ಮಟ್ಟಕ್ಕೆ ಹತ್ತಿರವಾಗಿ ಇಟ್ಟೆವು. ಎರಡನೆಯದು, ಸಬ್‌ವೂಫರನ್ನು ಗೋಡೆಗಳ ಮೂಲೆಯಿಂದ ಈಚೆಗೆ ಎಳೆದೆವು. ಮೂಲೆಯಲ್ಲಿಟ್ಟರೆ ತಗ್ಗಿನ ನಾದ ಉಬ್ಬುತ್ತದೆ. ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಅದರ ಮಟ್ಟವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದೆವು. ಕೆಳಗಿನ ಮನೆಯವರು ಈಗ ಲಿಫ್ಟಿನಲ್ಲಿ ಬೇರೆ ವಿಷಯ ಮಾತಾಡುತ್ತಾರೆ. ರಾತ್ರಿ ಹತ್ತರ ನಂತರವಂತೂ ದನಿ ಇಳಿಸಲೇಬೇಕು; 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್.

ಮೂರನೆಯದು, ಸಿನಿಮಾ ಮೋಡ್, ಸರೌಂಡ್ ಮುಂತಾದವನ್ನು ಹಾಡಿಗೆ ತೆಗೆದುಹಾಕಬೇಕು. ಹೆಲಿಕಾಪ್ಟರನ್ನು ತಲೆಯ ಮೇಲೆ ಹಾರಿಸುವ ಉಪಾಯ ಅದು. ತಂಬೂರಿಯನ್ನು ಹಾರಿಸಿ ಏನು ಪ್ರಯೋಜನ? ಮ್ಯೂಸಿಕ್ ಅಥವಾ ಸ್ಟೀರಿಯೋ ಸಾಕು. ಮಾತು ಸ್ಪಷ್ಟವಾಗಲು ವಾಯ್ಸ್ ಎಂಬ ಮೋಡ್ ಇರುತ್ತದೆ; ಒಂಟಿ ಗಾಯನಕ್ಕೂ, ಮನೆಯ ಹಿರಿಯರಿಗೂ ಅದು ಬಹಳ ಒಳ್ಳೆಯದು. ನಾಲ್ಕನೆಯದು, ಬ್ಲೂಟೂಥ್ ದನಿಯನ್ನು ಒತ್ತಿ ಕಿರಿದಾಗಿಸಿ ಕಳಿಸುತ್ತದೆ. ವೈ-ಫೈ ಅಥವಾ ಕೇಬಲ್ ಇದ್ದರೆ ಅದೇ ಮೇಲು.

ನಿಜವನ್ನೂ ಹೇಳಿಬಿಡಬೇಕು. ಬರೀ ಸಂಗೀತಕ್ಕೇ ಹಣ ಹಾಕುವುದಾದರೆ, ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಇಡುವ ಎರಡು ಸ್ಪೀಕರುಗಳೇ ಉತ್ತಮ. ಮೂರಡಿಯ ಡಬ್ಬದ ಎರಡು ತುದಿಗಳ ನಡುವೆ ಇಡೀ ಕಛೇರಿಯನ್ನು ಹರಡಲಾಗದು. ಆದರೆ ಮಾಟುಂಗದ ನಮ್ಮ ಹಾಲ್‌ನಲ್ಲಿ ಸೋಫಾ, ಊಟದ ಮೇಜು, ಅತ್ತೆಯವರ ಮಂಚ, ಒಣಗಲು ಹಾಕಿದ ಬಟ್ಟೆ ಎಲ್ಲಕ್ಕೂ ಜಾಗ ಬೇಕು. ನಮ್ಮಂಥವರಿಗೆ ಇದು ಒಳ್ಳೆಯ ರಾಜಿ.

ಆ ಒಂದು ಕ್ಯಾಸೆಟ್

1994ರಲ್ಲಿ ಧಾರವಾಡದಲ್ಲಿ ಬಾಣಂತನ ಮುಗಿಸಿ, ಮಗಳನ್ನು ಎತ್ತಿಕೊಂಡು ಮುಂಬಯಿಗೆ ಬಂದೆ. ಮಗು ರಾತ್ರಿ ಮಲಗುತ್ತಿರಲಿಲ್ಲ. ಪತ್ರದಲ್ಲಿ ಬರೆದೆ. ಹದಿನೈದು ದಿನಕ್ಕೆ ಊರಿನಿಂದ ಬಂದವರೊಬ್ಬರ ಕೈಯಲ್ಲಿ ಅಮ್ಮ ಒಂದು ಕ್ಯಾಸೆಟ್ ಕಳಿಸಿದ್ದಳು. ಅರವತ್ತು ನಿಮಿಷದ್ದು, ಮೇಲೆ ಅಪ್ಪನ ಅಕ್ಷರದಲ್ಲಿ "ಕೂಸಿಗೆ" ಎಂದಿತ್ತು. ಅಮ್ಮ ತೊಟ್ಟಿಲ ಹಾಡು, ಆರತಿ ಹಾಡು ಹಾಡಿದ್ದಳು. ಹಿನ್ನೆಲೆಯಲ್ಲಿ ಪಕ್ಕದ ಮನೆಯ ಎಮ್ಮೆ. ಹಾಡು ಮುಗಿಯುವಷ್ಟರಲ್ಲಿ ಮಗು ನಿದ್ದೆ ಹೋಗುತ್ತಿತ್ತು. ನಾನು ಟಕ್ಕೆಂದು ಬಂದ್ ಮಾಡುತ್ತಿದ್ದೆ.

ಟೂ-ಇನ್-ಒನ್ ಕೆಟ್ಟಿತು. ಅಪ್ಪ ಹೋದರು, 2009ರಲ್ಲಿ ಅಮ್ಮನೂ ಹೋದಳು. ಕ್ಯಾಸೆಟ್ ಕಪಾಟಿನಲ್ಲಿತ್ತು. ಮುಂಬಯಿಯ ಮಳೆಗಾಲದ ತೇವ ನಿಮಗೆ ಗೊತ್ತೇ ಇದೆ. ಟೇಪಿನ ಅಂಚಿನಲ್ಲಿ ಬಿಳಿಯ ಬೂಷ್ಟು ಹಿಡಿದಿತ್ತು. ಸೌಂಡ್‌ಬಾರ್ ಬಂದ ಮೇಲೆ ಅದನ್ನು ಕೇಳುವ ಆಸೆಯಾಗಿ ಒಂದು ಅಂಗಡಿಗೆ ಕೊಟ್ಟೆ. ಬೂಷ್ಟನ್ನು ಒರೆಸದೆ ಯಂತ್ರಕ್ಕೆ ಹಾಕಿದರೋ ಏನೋ, ಟೇಪು ಸಿಕ್ಕಿಕೊಂಡು ಹರಿಯಿತು. ಮೊದಲ ಹಾಡು ಹೋಯಿತು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಅಮ್ಮ ಎರಡನೆಯ ಬಾರಿ ಹೋದಂತಾಗಿತ್ತು.

ಉಳಿದದ್ದನ್ನು ಉಳಿಸಿದ್ದು ಮಗಳು. ಹರಿದ ತುದಿಗಳನ್ನು ಜೋಡಿಸಿದಳು, ಮೆಲ್ಲಗೆ ಒರೆಸಿದಳು. ಪರಿಚಯದವರಿಂದ ಹಳೆಯ ಡೆಕ್ ತಂದು, ತಂತಿಯಲ್ಲಿ ಕಂಪ್ಯೂಟರಿಗೆ ಜೋಡಿಸಿ, ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಎರಡೂ ಬದಿಗಳನ್ನು ಕೊನೆಯವರೆಗೆ ಓಡಲು ಬಿಟ್ಟಳು.

ಭಾನುವಾರ ಬೆಳಿಗ್ಗೆ ಸೌಂಡ್‌ಬಾರಿನಲ್ಲಿ ಹಾಕಿದೆವು. ವಾಯ್ಸ್ ಮೋಡ್, ಸಬ್‌ವೂಫರ್ ಪೂರ್ತಿ ಬಂದ್. ಅಮ್ಮ ಹಾಡಿದಳು. ಒಳಗಿದ್ದ ಅತ್ತೆಯವರು ತಾವಾಗಿ ಬಂದು ಕೂತರು. ಎರಡನೆಯ ಹಾಡಿಗೆ ತುಟಿ ಕೂಡಿಸಿದರು. ಹಾಡು ಮುಗಿಯಿತು. ಈ ಬಾರಿ ಯಾರೂ ಬಂದ್ ಮಾಡಲಿಲ್ಲ. ಸ್ವಲ್ಪ ಹೊತ್ತು ಟೇಪಿನ ಸೂಸು ಸದ್ದು. ಆಮೇಲೆ ಅಮ್ಮ ಮೆಲ್ಲಗೆ, "ಇಷ್ಟ ಸಾಕಲ್ರೀ? ಕೂಸು ಮಲಗಿರತದ ಈಗ" ಎಂದಳು. ಅದಕ್ಕೆ ಅಪ್ಪನ ದನಿ: "ಹೂಂ, ಸಾಕು."

ಅಪ್ಪನ ದನಿ ನಮ್ಮಲ್ಲಿ ಎಲ್ಲಿಯೂ ಇಲ್ಲವೆಂದೇ ನಾನು ತಿಳಿದಿದ್ದೆ. ಮೂವತ್ತು ವರ್ಷ ಅದು ನನ್ನ ಕಪಾಟಿನಲ್ಲೇ ಇತ್ತು. ಮಗಳು ಏನೂ ಹೇಳದೆ ನನ್ನ ಪಕ್ಕಕ್ಕೆ ಸರಿದು ಕೂತಳು. ಆ ಕೂಸು ಅವಳೇ ತಾನೆ.

ಮಿತ್ರರೇ, ಸೌಂಡ್‌ಬಾರ್ ಕೊಳ್ಳಿ, ಬಿಡಿ, ಅದು ನಿಮ್ಮ ಜೇಬಿಗೆ ಬಿಟ್ಟದ್ದು. ಆದರೆ ಮನೆಯಲ್ಲಿ ಹಳೆಯ ಕ್ಯಾಸೆಟ್ ಇದ್ದರೆ ಮುಂದಿನ ಮಳೆಗಾಲದೊಳಗೆ ಹೊರಗೆ ತೆಗೆಯಿರಿ. ಅಜ್ಜಿ ಇದ್ದರೆ ಇನ್ನೂ ಸುಲಭ: ಮೊಬೈಲನ್ನು ಅವರ ಹತ್ತಿರ ಇಟ್ಟು ಒಂದು ಹಾಡು ಹೇಳಿಸಿಕೊಳ್ಳಿ. ಹಾಡು ಮುಗಿದ ಕೂಡಲೇ ಬಂದ್ ಮಾಡಬೇಡಿ. ಸ್ವಲ್ಪ ಹೊತ್ತು ಓಡಲಿ ಬಿಡಿ.